‘ಹಾಯ್ ಗೈಸ್’ ಅಂದರೆ ಹೆಣ್ಣುಮಕ್ಕಳೂ ಸೇರುತ್ತಾರಾ?

ಪ್ರಶ್ನೆ: ನಾನು ತುಮಕೂರಿನವಳು. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದಕ್ಕೆ ಈ ವರ್ಷ ಸೇರಿದ್ದೇನೆ. ನಮ್ಮ ಮ್ಯಾನೇಜರ್ ಇರುವುದು ಅಮೆರಿಕದಲ್ಲಿ. ದಿನಾ ಕಾಲ್ ಶುರುವಾದ ಕೂಡಲೇ ‘ಹಾಯ್ ಗೈಸ್’ ಅನ್ನುತ್ತಾರೆ. ಟೀಮಿನಲ್ಲಿ ಜಾಸ್ತಿ ಇರುವುದು ನಾವು ಹುಡುಗಿಯರೇ! ‘ಗೈ’ ಅಂದರೆ ಗಂಡಸು ಅಂತ ಶಾಲೆಯಲ್ಲಿ ಕಲಿತ ನೆನಪು. ಮೊನ್ನೆ ನಾನು ಒಬ್ಬ ಕ್ಲೈಂಟ್ ಬಗ್ಗೆ ‘ದಟ್ ಗೈ’ ಅಂದೆ. ಪಕ್ಕದಲ್ಲಿದ್ದ ಸೀನಿಯರ್ ‘ಹಾಗೆಲ್ಲ ಅನ್ನಬೇಡಮ್ಮ’ ಅಂದರು, ಯಾಕೆ ಅಂತ ಹೇಳಲಿಲ್ಲ. ಈ ಪದವನ್ನು ಎಲ್ಲಿ ಬಳಸಬಹುದು, ಎಲ್ಲಿ ಬಾರದು? ಮೇಲ್‌ನಲ್ಲಿ ಬರೆಯಬಹುದಾ?

ಉತ್ತರ: ನಿಮ್ಮ ಶಾಲೆಯ ಪಾಠವೂ ಸರಿ, ನಿಮ್ಮ ಮ್ಯಾನೇಜರೂ ಸರಿ. ‘ಗೈ’ ಬೇರೆ, ‘ಗೈಸ್’ ಬೇರೆ. ಒಬ್ಬ ಅಂದಾಗ ಗಂಡಸು. ಗುಂಪನ್ನು ಕರೆಯುವಾಗ ಅಲ್ಲಿ ಇರುವವರೆಲ್ಲ ಸೇರಿದರು.

ಇದು ಇಂಗ್ಲಿಷಿನ ವಿಚಿತ್ರ ಅಂತ ಅನ್ನಿಸಿದರೆ ನಮ್ಮ ‘ಹುಡುಗರು’ ನೋಡಿ. ಮೇಷ್ಟ್ರು ‘ಈ ಸಲ ನಮ್ಮ ಹುಡುಗರು ಚೆನ್ನಾಗಿ ಬರೆದಿದ್ದಾರೆ’ ಅಂದರೆ ಕ್ಲಾಸಿಗೆ ಮೊದಲು ಬಂದ ಹುಡುಗಿಯೂ ಅದರಲ್ಲಿ ಇದ್ದಾಳೆ. ಆದರೆ ‘ಒಬ್ಬ ಹುಡುಗ ಬಂದಿದ್ದ’ ಅಂದರೆ ಬಂದದ್ದು ಹುಡುಗಿ ಅಂತ ಯಾರೂ ತಿಳಿಯುವುದಿಲ್ಲ. ‘ಏನ್ರಪ್ಪಾ, ಎಲ್ಲಾ ಬಂದ್ರಾ?’ ಅನ್ನುವುದನ್ನೂ ಕೇಳಿರುತ್ತೀರಿ. ಎದುರಿಗೆ ಅರ್ಧಕ್ಕರ್ಧ ಹೆಣ್ಣುಮಕ್ಕಳಿದ್ದರೂ ಅಲ್ಲಿರುವುದು ‘ಅಪ್ಪ’ನೇ. ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಕರೆಯುವ ಪದಗಳು ಎಲ್ಲಾ ಭಾಷೆಯಲ್ಲೂ ಹೀಗೆಯೇ, ಮೂಲದ ಅರ್ಥವನ್ನು ಬಾಗಿಲಲ್ಲೇ ಬಿಟ್ಟು ಒಳಗೆ ಬರುತ್ತವೆ.

ಇಲ್ಲೊಂದು ಸೂಕ್ಷ್ಮ ಇದೆ. ಬಹುವಚನವಾದ ಮಾತ್ರಕ್ಕೆ ‘ಗೈಸ್’ ಎಲ್ಲರಿಗೂ ಸಲ್ಲುವುದಿಲ್ಲ. ಎದುರಿಗಿದ್ದವರನ್ನು ಕರೆದಾಗ ಮಾತ್ರ ಅದು ಎಲ್ಲರದು. ಅಲ್ಲಿಲ್ಲದವರ ಬಗ್ಗೆ ಮಾತಾಡಿದರೆ ಮತ್ತೆ ಗಂಡಸರ ಕಡೆಗೇ ವಾಲುತ್ತದೆ. ನಿಮ್ಮ ಮ್ಯಾನೇಜರನ್ನೇ ಪರೀಕ್ಷೆ ಮಾಡಿ ನೋಡಿ. ‘ನಮ್ಮ ಟೀಮಿನಲ್ಲಿ ಎಷ್ಟು ಜನ ಗೈಸ್ ಇದ್ದಾರೆ?’ ಅಂತ ಇಂಗ್ಲಿಷಿನಲ್ಲಿ ಕೇಳಿ. ಅವರು ಗಂಡಸರನ್ನು ಮಾತ್ರ ಎಣಿಸುತ್ತಾರೆ, ನಿಮ್ಮನ್ನಲ್ಲ. ಎರಡು ನಿಮಿಷದ ಹಿಂದೆ ‘ಹಾಯ್ ಗೈಸ್’ ಅಂದಾಗ ನೀವು ಒಳಗಿದ್ದಿರಿ, ಈಗ ಹೊರಗೆ! ‘ದೋಸ್ ಗೈಸ್ ಓವರ್ ದೇರ್’ ಅಂದರೂ ಕೇಳಿದವರ ಕಣ್ಣು ಗಂಡಸರ ಗುಂಪನ್ನೇ ಹುಡುಕುತ್ತದೆ. ಅಮೆರಿಕದ ಹೆಣ್ಣುಮಕ್ಕಳಲ್ಲಿ ಕೆಲವರಿಗೆ ಈ ಪದದ ಮೇಲೆ ಸಿಟ್ಟು ಇರುವುದು ಇದಕ್ಕೇ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಈ ಪದ ಬಂದ ದಾರಿ. ಇದನ್ನು ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ, ಯಾಕೆಂದರೆ ಇದು ಒಬ್ಬ ಮನುಷ್ಯನ ಹೆಸರು. ಗೈ ಫಾಕ್ಸ್ ಅಂತ, 1570ರಲ್ಲಿ ಇಂಗ್ಲೆಂಡಿನ ಯಾರ್ಕ್ ಊರಲ್ಲಿ ಹುಟ್ಟಿದವನು. ಕ್ಯಾಥೊಲಿಕ್ ಪಂಥದವನು, ಸ್ಪೇನಿನ ಸೈನ್ಯದಲ್ಲಿ ಹೋರಾಡಿದವನು, ಮದ್ದುಗುಂಡಿನ ಕೆಲಸ ಬಲ್ಲವನು. ಆಗ ಇಂಗ್ಲೆಂಡಿನಲ್ಲಿ ಕ್ಯಾಥೊಲಿಕರ ಮೇಲೆ ಬಿಗಿ ಕಾನೂನುಗಳಿದ್ದವು. ರಾಜ ಒಂದನೇ ಜೇಮ್ಸ್ ಪಾರ್ಲಿಮೆಂಟನ್ನು ಉದ್ಘಾಟಿಸಲು ಬರುವ ದಿನ ಇಡೀ ಕಟ್ಟಡವನ್ನೇ ಉಡಾಯಿಸಬೇಕು ಅಂತ ಒಂದು ಗುಂಪು ಸಂಚು ಹೂಡಿತು. ಹೌಸ್ ಆಫ್ ಲಾರ್ಡ್ಸ್‌ನ ಕೆಳಗಿನ ನೆಲಮಾಳಿಗೆಯನ್ನೇ ಬಾಡಿಗೆಗೆ ಹಿಡಿದು 36 ಪೀಪಾಯಿ ಸಿಡಿಮದ್ದು ತುಂಬಿದರು. ಕಾಣಬಾರದು ಅಂತ ಮೇಲೆ ಸೌದೆ ಒಟ್ಟಿದರು. ಸುಳಿವು ಕೊಟ್ಟ ಒಂದು ಪತ್ರದಿಂದ ಗುಟ್ಟು ಹೊರಬಿತ್ತು. 1605ರ ನವೆಂಬರ್ 4ರ ರಾತ್ರಿ ಕಳೆದು 5 ಹುಟ್ಟುವ ಹೊತ್ತಿಗೆ ಕಾವಲಿದ್ದ ಗೈ ಸಿಕ್ಕಿಬಿದ್ದ. ಹೆಸರು ಕೇಳಿದರೆ ‘ಜಾನ್ ಜಾನ್ಸನ್’ ಅಂದ. ಚಿತ್ರಹಿಂಸೆಯ ಮೇಲೆ ಬಾಯಿ ಬಿಟ್ಟ. 1606ರ ಜನವರಿ 31ರಂದು ಮರಣದಂಡನೆ ಆಯಿತು.

ಸಂಚಿನ ಮುಖಂಡ ಇವನಲ್ಲ, ರಾಬರ್ಟ್ ಕೇಟ್ಸ್‌ಬಿ ಅನ್ನುವವನು. ಆದರೆ ಮದ್ದಿನ ಪಕ್ಕ ನಿಂತು ಸಿಕ್ಕಿದವನು ಗೈ, ಹೆಸರು ಉಳಿದದ್ದೂ ಅವನದೇ. ಕೇಟ್ಸ್‌ಬಿ ಕಾವಲಿಗೆ ನಿಂತಿದ್ದರೆ ನಿಮ್ಮ ಮ್ಯಾನೇಜರ್ ದಿನಾ ‘ಹಾಯ್ ರಾಬರ್ಟ್ಸ್’ ಅನ್ನುತ್ತಿದ್ದರೋ ಏನೋ.

ರಾಜ ಬದುಕಿದ ಅಂತ ನವೆಂಬರ್ 5ನ್ನು ಕಾನೂನು ಮಾಡಿಯೇ ಹಬ್ಬವಾಗಿಸಿದರು. ಆ ಕಾನೂನು 1859ರಲ್ಲಿ ರದ್ದಾಯಿತು, ಹಬ್ಬ ಮಾತ್ರ ಇಂದಿಗೂ ನಿಂತಿಲ್ಲ. ರಾತ್ರಿ ದೊಡ್ಡ ಬೆಂಕಿ ಹಾಕುತ್ತಾರೆ, ಪಟಾಕಿ ಹೊಡೆಯುತ್ತಾರೆ. ಹಳೇ ಅಂಗಿ ಚಡ್ಡಿಗೆ ಹುಲ್ಲು, ಕಾಗದ, ಚಿಂದಿ ತುರುಕಿ ಒಂದು ಬೊಂಬೆ ಮಾಡಿ ಸುಡುತ್ತಾರೆ. ಆ ಬೊಂಬೆಯ ಹೆಸರೇ ‘ಗೈ’. ಮಕ್ಕಳು ಅದನ್ನು ತಳ್ಳುಗಾಡಿಯಲ್ಲಿ ಕೂರಿಸಿಕೊಂಡು ಬೀದಿ ಸುತ್ತಿ ‘ಗೈಗೆ ಒಂದು ಪೆನ್ನಿ ಕೊಡಿ’ ಅಂತ ಕಾಸು ಎತ್ತುತ್ತಿದ್ದರು. ಹೋಳಿ ಹತ್ತಿರ ಬಂದಾಗ ನಮ್ಮ ಉತ್ತರ ಕರ್ನಾಟಕದ ಓಣಿಗಳಲ್ಲಿ ಹುಡುಗರು ಹಲಗೆ ಬಾರಿಸುತ್ತಾ ಕಾಮಣ್ಣನಿಗೆ ಅಂತ ಕಟ್ಟಿಗೆ, ಕುಳ್ಳು, ಚಿಲ್ಲರೆ ಕೂಡಿಸುತ್ತಾರಲ್ಲ, ಹೆಚ್ಚುಕಮ್ಮಿ ಅದೇ ಗಲಾಟೆ.

ಈ ಬೊಂಬೆಯ ಅವತಾರ ಹೇಗಿರುತ್ತಿತ್ತು ಅಂದರೆ ದೊಗಳೆ ಕೋಟು, ಸೊಟ್ಟ ಟೋಪಿ, ಮುಖಕ್ಕೆ ಮಸಿ. ಹಾಗಾಗಿ 1830ರ ದಶಕದ ಹೊತ್ತಿಗೆ ಇಂಗ್ಲೆಂಡಿನಲ್ಲಿ ವಿಚಿತ್ರವಾಗಿ ಬಟ್ಟೆ ಹಾಕಿಕೊಂಡವನಿಗೆ ‘ಗೈ’ ಅನ್ನತೊಡಗಿದರು. ಅದು ಬೈಗುಳ. ‘ಗೈ ಮಾಡು’ ಅಂದರೆ ಗೇಲಿ ಮಾಡು ಅನ್ನುವ ಅರ್ಥವೂ ಬಂತು. ಪದ ಅಮೆರಿಕಕ್ಕೆ ಹೋದಾಗ ಈ ಮಸಿಯೆಲ್ಲ ತೊಳೆದುಹೋಯಿತು. ಅಲ್ಲಿನವರಿಗೆ ನವೆಂಬರ್ 5ರ ಗೊಡವೆ ಅಷ್ಟಾಗಿ ಇರಲಿಲ್ಲ. 19ನೇ ಶತಮಾನದ ಮಧ್ಯದಲ್ಲಿ ಅಲ್ಲಿ ‘ಗೈ’ ಅಂದರೆ ಬರೀ ‘ಒಬ್ಬ ಆಸಾಮಿ’ ಅಂತಾಯಿತು. 20ನೇ ಶತಮಾನದಲ್ಲಿ ಗುಂಪನ್ನು ಕರೆಯುವ ಪದವಾಗಿ ಹೆಣ್ಣುಮಕ್ಕಳನ್ನೂ ಸೇರಿಸಿಕೊಂಡಿತು. ಪ್ರತಿಭಟನೆಗಳ ಫೋಟೊಗಳಲ್ಲಿ ಒಂದು ಬಿಳಿ ಮುಖವಾಡ ನೋಡಿರುತ್ತೀರಿ, ತೆಳ್ಳನೆ ಮೀಸೆ, ಚೂಪು ಗಡ್ಡ, ಕಿಸಕ್ಕನೆ ನಗು. ಅದು ಇದೇ ಗೈ ಫಾಕ್ಸ್ ಮುಖ.

ಇನ್ನು ‘ಯೂ ಗೈಸ್’. ಇದು ಅಷ್ಟು ಜನಪ್ರಿಯವಾಗಲು ಗಟ್ಟಿಯಾದ ಕಾರಣ ಇದೆ. ನಮಗೆ ನೀನು ಇದೆ, ನೀವು ಇದೆ. ಇಂಗ್ಲಿಷಿಗೂ ಒಂದು ಕಾಲದಲ್ಲಿ ‘ದೌ’ ಅಂತ ಒಬ್ಬನಿಗೆ, ‘ಯೂ’ ಅಂತ ಹಲವರಿಗೆ ಬೇರೆ ಬೇರೆ ಇತ್ತು. ‘ದೌ’ ಬಳಕೆಯಿಂದ ಬಿದ್ದುಹೋಯಿತು. ಉಳಿದ ‘ಯೂ’ ಒಬ್ಬರಿಗೋ ಹತ್ತು ಜನರಿಗೋ ಗೊತ್ತಾಗುವುದಿಲ್ಲ. ಕಾಲ್‌ನಲ್ಲಿ ಮ್ಯಾನೇಜರ್ ಬರೀ ‘ಕ್ಯಾನ್ ಯೂ ಫಿನಿಶ್ ದಿಸ್ ಟುಡೇ?’ ಅಂದರೆ ಪ್ರತಿಯೊಬ್ಬರೂ ‘ನನಗಲ್ಲ’ ಅಂತ ಸುಮ್ಮನಿರಬಹುದು! ‘ಯೂ ಗೈಸ್’ ಅಂದರೆ ತಪ್ಪಿಸಿಕೊಳ್ಳುವ ಹಾಗಿಲ್ಲ. ಈ ತೂತು ಮುಚ್ಚಲು ಒಂದೊಂದು ಕಡೆ ಒಂದೊಂದು ತೇಪೆ ಹಾಕಿಕೊಂಡಿದ್ದಾರೆ. ಅಮೆರಿಕದ ದಕ್ಷಿಣದಲ್ಲಿ ‘ಯಾಲ್’, ಪಿಟ್ಸ್‌ಬರ್ಗ್ ಕಡೆ ‘ಯಿನ್ಸ್’, ಐರ್ಲೆಂಡ್ ಮತ್ತು ಲಿವರ್‌ಪೂಲಿನಲ್ಲಿ ‘ಯೂಸ್’, ಇಂಗ್ಲೆಂಡಿನಲ್ಲಿ ಸ್ವಲ್ಪ ಗದರುವ ದನಿಯ ‘ಯೂ ಲಾಟ್’. ನಿಮ್ಮ ಟೀಮಿನಲ್ಲಿ ಟೆಕ್ಸಸ್‌ನವರಿದ್ದರೆ ‘ಯಾಲ್’ ಕಿವಿಗೆ ಬಿದ್ದೇ ಬೀಳುತ್ತದೆ.

ಅಮೆರಿಕದಲ್ಲಿ ಮಕ್ಕಳ ಮನೆಗೆ ಹೋಗಿಬಂದ ನಮ್ಮ ಹಿರಿಯರಿಗೆ ಈ ‘ಯೂ ಗೈಸ್’ ಮೊದಮೊದಲು ಕಸಿವಿಸಿ ಮಾಡುತ್ತದೆ. ಹೋಟೆಲಿನಲ್ಲಿ ಮೈಸೂರು ಸಿಲ್ಕ್ ಉಟ್ಟುಕೊಂಡು ಕೂತ ಅಜ್ಜಿ, ಪಕ್ಕದಲ್ಲಿ ರಿಟೈರಾದ ಹೆಡ್‌ಮಾಸ್ಟರ್ ತಾತ. ಇಪ್ಪತ್ತು ವರ್ಷದ ಹುಡುಗಿ ಸಣ್ಣ ಪುಸ್ತಕ ಹಿಡಿದು ಬಂದು ‘ಆರ್ ಯೂ ಗೈಸ್ ರೆಡಿ ಟು ಆರ್ಡರ್?’ ಅನ್ನುತ್ತಾಳೆ. ತಾತನಿಗೆ ‘ಏನ್ರೋ, ಏನು ಬೇಕ್ರೋ?’ ಅಂದ ಹಾಗೆ ಕೇಳಿಸುತ್ತದೆ. ಅವಳು ಹೇಳಿದ್ದು ‘ಏನು ಕೊಡಲಿ ನಿಮಗೆ?’ ಅಂತ. ಅಲ್ಲಿ ಅದು ಸಲಿಗೆ, ಅಗೌರವವಲ್ಲ. ಆದರೂ ದುಬಾರಿ ಹೋಟೆಲುಗಳಲ್ಲಿ ಹೀಗೆ ಕರೆಸಿಕೊಳ್ಳಲು ಇಷ್ಟವಿಲ್ಲದ ಅಮೆರಿಕನ್ನರೂ ಇದ್ದಾರೆ. ತಾತ ಒಬ್ಬರೇ ಅಲ್ಲ.

ಬ್ರಿಟನ್ನಿನಲ್ಲಿ ‘ಗೈ’ ಈಗ ಎಲ್ಲರ ಬಾಯಲ್ಲೂ ಇದೆ, ಆದರೆ ಗಂಡಸಿಗೆ ಅಲ್ಲಿನ ಮನೆಮಾತು ‘ಬ್ಲೋಕ್’, ‘ಚ್ಯಾಪ್’. ಸ್ನೇಹಿತನನ್ನು ಕರೆಯಲು ‘ಮೇಟ್’. ಆಸ್ಟ್ರೇಲಿಯಾದಲ್ಲೂ ‘ಮೇಟ್’.

ಒಬ್ಬನ ‘ಗೈ’ಗೆ ಬರೋಣ. ಇಲ್ಲಿ ಅಮೆರಿಕದವರು ಈ ಪದವನ್ನು ಎಲ್ಲೆಲ್ಲಿ ಸಿಕ್ಕಿಸುತ್ತಾರೆ ಅಂತ ನೋಡುವುದೇ ಚೆಂದ. ‘ಐ ನೋ ಎ ಗೈ’ ಅಂದರೆ ಬರೀ ಒಬ್ಬನ ಪರಿಚಯ ಇದೆ ಅಂತಲ್ಲ. ನಲ್ಲಿ ಸೋರುತ್ತಿದೆ, ಕಾರು ಕೈಕೊಟ್ಟಿದೆ, ಅಂಥ ಹೊತ್ತಲ್ಲಿ ‘ನಮ್ಮ ಕಡೆಯವನೊಬ್ಬ ಇದ್ದಾನೆ, ಕಡಿಮೆಗೆ ಮಾಡಿಕೊಡ್ತಾನೆ’ ಅನ್ನುತ್ತೇವಲ್ಲ, ಅದು. ಪಿಜ್ಜಾ ತರುವವನು ‘ಪಿಜ್ಜಾ ಗೈ’, ಕಂಪ್ಯೂಟರ್ ರಿಪೇರಿಯವನು ‘ಐಟಿ ಗೈ’. ಕೆಲಸ ಮಾಡುವುದು ಹೆಣ್ಣುಮಗಳಾದರೆ ಇದು ಹೊಂದುವುದಿಲ್ಲ, ಆಗ ‘ಪರ್ಸನ್’ ಅನ್ನಬೇಕು. ‘ಐ ಆಮ್ ಎ ಟೀ ಗೈ’ ಅಂದರೆ ನಾನು ಕಾಫಿಯವನಲ್ಲ, ಟೀಯವನು ಅಂತ. ನೀವು ಹೇಳುವುದಾದರೆ ‘ಟೀ ಪರ್ಸನ್’ ಅನ್ನಿ. ‘ಲಿಟಲ್ ಗೈ’ಗೆ ಎರಡು ಮುಖ. ಸುದ್ದಿಯಲ್ಲಿ ಬಂದರೆ ದೊಡ್ಡ ಕಂಪನಿಗಳ ಎದುರು ನಿಂತ ಸಣ್ಣಪುಟ್ಟವರು. ಮನೆಯಲ್ಲಿ ಬಂದರೆ ನಾಯಿಮರಿ, ಅಳಿಲು, ಕಿಟಕಿಗೆ ಅಂಟಿಕೊಂಡ ಹುಳ ಯಾವುದಾದರೂ ಆಗಬಹುದು, ಅದು ಗಂಡೇ ಅಂತ ಯಾರೂ ಪರೀಕ್ಷೆ ಮಾಡಿರುವುದಿಲ್ಲ.

ಜೀವ ಇಲ್ಲದ ವಸ್ತುಗಳೂ ‘ಗೈ’ ಆಗುತ್ತವೆ. ಅಮೆರಿಕದ ಗಣಿತದ ಮೇಷ್ಟ್ರುಗಳ ವಿಡಿಯೊ ನೋಡಿ. ಬೋರ್ಡಿನ ಮೇಲೆ ಉದ್ದ ಸಮೀಕರಣ ಬರೆದು, ಒಂದು ಪದಕ್ಕೆ ಸುತ್ತು ಹಾಕಿ ‘ದಿಸ್ ಗೈ ಗೋಸ್ ಟು ಝೀರೋ’ ಅನ್ನುತ್ತಾರೆ. ಇದಕ್ಕೂ ನಕ್ಕುಬಿಡಬೇಡಿ. ನಮ್ಮ ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಬೈಕಿನ ಕೆಳಗೆ ಕೂತು, ಗ್ರೀಸು ಮೆತ್ತಿದ ಒಂದು ಸವೆದ ವಾಷರನ್ನು ಬೆರಳಲ್ಲಿ ಎತ್ತಿ ‘ನೋಡಿ ಸಾರ್, ಇವನೇ ಇಷ್ಟೊತ್ತು ಕಾಟ ಕೊಟ್ಟಿದ್ದು’ ಅನ್ನುತ್ತಾನೆ. ಅದೇ ಮಾತು ಅದು.

ಕೆಲವು ಜೋಡಿಗಳಲ್ಲಿ ಮೋಸ ಹೋಗಬಾರದು. ‘ವೈಸ್ ಗೈ’ ಅಂದರೆ ವಿವೇಕಿ ಅಂತ ತಿಳಿದು ಯಾರನ್ನಾದರೂ ಹೊಗಳಲು ಹೋದೀರಿ, ಕೆಟ್ಟಿತು. ಅದು ‘ಅತಿಬುದ್ಧಿವಂತ’, ‘ತಲೆಹರಟೆ’. ‘ಓಕೆ, ವೈಸ್ ಗೈ’ ಅಂದರೆ ‘ಸಾಕು ನಿನ್ನ ಜಾಣತನ’ ಅಂತ. ಅಮೆರಿಕದ ಮಾಫಿಯಾ ಮಾತಿನಲ್ಲಂತೂ ಆ ಗ್ಯಾಂಗಿಗೆ ಸೇರಿದವನು ಅಂತಲೇ ಅರ್ಥ. ‘ಫಾಲ್ ಗೈ’ ಅಂದರೆ ಬಿದ್ದವನಲ್ಲ, ಹರಕೆಯ ಕುರಿ. ಯಾರದೋ ತಪ್ಪಿಗೆ ಇವನ ತಲೆ. ‘ದಟ್ ಗೈ’ ಅನ್ನುವುದನ್ನು ಸ್ವಲ್ಪ ಒತ್ತಿ ಹೇಳಿ ‘ಡೋಂಟ್ ಬಿ ದಟ್ ಗೈ’ ಅಂದರೆ, ಪ್ರತಿ ಗುಂಪಿನಲ್ಲೂ ಎಲ್ಲರಿಗೂ ಕಿರಿಕಿರಿ ಮಾಡುವವನೊಬ್ಬ ಇರುತ್ತಾನಲ್ಲ, ಅವನಾಗಬೇಡ ಅಂತ. ‘ಗುಡ್ ಗೈ’, ‘ಬ್ಯಾಡ್ ಗೈ’ ನಿಮಗೇ ಗೊತ್ತು. ಟೆಂಟ್ ಕಟ್ಟುವ ‘ಗೈ ರೋಪ್’ ಮಾತ್ರ ಈ ವಂಶದ್ದೇ ಅಲ್ಲ, ಅದರ ಮೂಲ ಬೇರೆ.

ಈಗ ನಿಮ್ಮ ಸೀನಿಯರ್ ವಿಷಯ. ಅಮೆರಿಕದವರು ‘ದಟ್ ಗೈ ಫ್ರಮ್ ಫೈನಾನ್ಸ್’ ಅಂದರೆ ಅದು ಸಾದಾ ಮಾತು. ಆದರೆ ಹೆಸರು ಗೊತ್ತಿದ್ದೂ ‘ದಟ್ ಗೈ’ ಅಂದರೆ ಅಲ್ಲೂ ತಾತ್ಸಾರವೇ. ನಮ್ಮ ಕಚೇರಿಗಳಲ್ಲಿ ಇನ್ನೂ ಜಾಸ್ತಿ, ಯಾಕೆಂದರೆ ನಮ್ಮ ತಲೆಯೊಳಗೆ ಅದು ‘ಆ ಆಸಾಮಿ’ ಅಂತಲೇ ಅನುವಾದವಾಗುತ್ತದೆ. ಕ್ಲೈಂಟನ್ನು ನಾವು ‘ಅವರು’ ಅನ್ನುತ್ತೇವೆ, ‘ಅವನು’ ಅನ್ನುವುದಿಲ್ಲ. ನಿಮ್ಮ ಸೀನಿಯರ್ ಕಿವಿಗೆ ನೀವು ಏಕವಚನಕ್ಕೆ ಇಳಿದ ಹಾಗೆ ಕೇಳಿಸಿದೆ. ಅವರು ಹೇಳಿದ್ದು ಸರಿ ಅಂತಲೇ ನನ್ನ ಅಭಿಪ್ರಾಯ, ಕಾರಣ ಹೇಳಿದ್ದರೆ ಚೆನ್ನಾಗಿತ್ತು. ಹೆಸರು ಹೇಳಿ, ಇಲ್ಲವೇ ‘ದಿ ಪರ್ಸನ್ ಫ್ರಮ್ ದಿ ಕ್ಲೈಂಟ್ ಸೈಡ್’ ಅನ್ನಿ. ವಯಸ್ಸಾದವರು, ಜಡ್ಜು, ಡಾಕ್ಟರು, ತೀರಿಕೊಂಡವರು, ಇವರ ಬಗ್ಗೆಯೂ ‘ಗೈ’ ಬೇಡ.

ಸ್ವಾರಸ್ಯ ಅಂದರೆ ಕನ್ನಡಕ್ಕೆ ಬಂದದ್ದು ‘ಗೈಸ್’ ಮಾತ್ರ, ‘ಗೈ’ ಬರಲಿಲ್ಲ. ಯೂಟ್ಯೂಬ್ ತೆರೆದರೆ ‘ಹಾಯ್ ಗೈಸ್, ಇವತ್ತು ನಾವು ಜೋಗಕ್ಕೆ ಬಂದಿದೀವಿ, ನೋಡಿ ಗೈಸ್, ನೀರು ಹೆಂಗಿದೆ’ ಅಂತ ಮಾತಿಗೊಂದು ಗೈಸ್. ‘ಬಾ ಗೈ’ ಅಂತ ಯಾರೂ ಅನ್ನುವುದಿಲ್ಲ, ಆ ಜಾಗಕ್ಕೆ ಗುರು, ಮಗಾ, ಮಚ್ಚಾ, ಮಾರಾಯ ಎಲ್ಲ ಮೊದಲೇ ಬಂದು ಕೂತಿದ್ದಾರೆ. ಇನ್ನೊಂದು ಗಮನಿಸಿ. ಗೈಸ್ ಜೊತೆ ಬರುವುದು ‘ನೋಡಿ’, ‘ಬನ್ನಿ’ ಅನ್ನುವ ಮರ್ಯಾದೆಯ ರೂಪ. ಇಂಗ್ಲಿಷಿನ ಸಲಿಗೆಯ ಪದ ಕನ್ನಡಕ್ಕೆ ಬಂದು ಬಹುವಚನದ ಮರ್ಯಾದೆ ಕಲಿತಿದೆ. ಹಳೇ ಭಾಷಣದ ‘ಸ್ನೇಹಿತರೇ’ ಜಾಗದಲ್ಲಿ ಈಗ ಅದು ಕೂತಿದೆ ಅಷ್ಟೇ. ಇದನ್ನು ಕೇಳಿ ಮುಖ ಸಿಂಡರಿಸುವವರಿದ್ದಾರೆ, ನನಗೆ ಅಂಥ ಬೇಸರವೇನಿಲ್ಲ. ಸಾಲಿಗೆ ಮೂರು ಸಲ ಬಂದರೆ ಮಾತ್ರ ತಲೆನೋವು.

ಹೆಣ್ಣುಮಕ್ಕಳ ಸಿಟ್ಟಿನ ಮಾತು ಬಾಕಿ ಇತ್ತು. ಎಲ್ಲರನ್ನೂ ಕರೆಯಲು ಗಂಡಸಿನ ಪದವೇ ಯಾಕೆ, ಯಾರಾದರೂ ಮಿಶ್ರ ಗುಂಪಿಗೆ ‘ಹಾಯ್ ಗ್ಯಾಲ್ಸ್’ ಅಂದರೆ ಗಂಡಸರು ಸುಮ್ಮನಿರುತ್ತಾರಾ ಅಂತ ಅವರ ಪ್ರಶ್ನೆ. ನ್ಯಾಯವಾದದ್ದೇ. ಅಮೆರಿಕ ಸರ್ಕಾರದ 18ಎಫ್ ಅನ್ನುವ ತಂತ್ರಜ್ಞಾನ ತಂಡದವರು ತಮ್ಮ ಚಾಟ್‌ನಲ್ಲಿ ಒಂದು ಬಾಟ್ ಇಟ್ಟಿದ್ದರು. ಯಾರಾದರೂ ‘ಗೈಸ್’ ಅಂತ ಟೈಪ್ ಮಾಡಿದರೆ ಅದು ಬಂದು ‘ಯಾಲ್ ಅನ್ನಬಹುದಿತ್ತಲ್ಲ?’ ಅನ್ನುವ ಧಾಟಿಯಲ್ಲಿ ಬೇರೆ ಪದ ಸೂಚಿಸುತ್ತಿತ್ತು. ಇನ್ನೊಂದು ಕಡೆ, ಹುಡುಗಿಯರೇ ಇರುವ ಗುಂಪಿನಲ್ಲಿ ಹುಡುಗಿಯೇ ‘ಕಮಾನ್ ಗೈಸ್’ ಅನ್ನುವುದೂ ಅಮೆರಿಕದಲ್ಲಿ ದಿನದ ಮಾತು. ಎರಡೂ ನಿಜ. ನಿಮ್ಮ ಮ್ಯಾನೇಜರ್ ಅನ್ನುವುದರಲ್ಲಿ ಕೆಟ್ಟದ್ದೇನೂ ಇಲ್ಲ, ನಿಮಗೆ ಕಿರಿಕಿರಿ ಆದರೆ ಅದರಲ್ಲೂ ತಪ್ಪಿಲ್ಲ.

ನಿಮ್ಮ ವಿಷಯಕ್ಕೆ ಬಂದರೆ, ಜೊತೆಯವರ ಜೊತೆ ಬಾಯಿಮಾತಿಗೆ, ಟೀಮಿನ ಚಾಟ್‌ಗೆ ‘ಹಾಯ್ ಗೈಸ್’ ಧಾರಾಳವಾಗಿ ಬಳಸಿ. ಮೇಲ್‌ನಲ್ಲಿ ಬೇಡ ಅಂತ ನನ್ನ ಸಲಹೆ. ಚಾಟ್ ಕೆಳಗೆ ಸರಿದುಹೋಗುತ್ತದೆ, ಮೇಲ್ ಯಾರಿಗೋ ಫಾರ್ವರ್ಡ್ ಆಗಿ, ಸಿಸಿಯಲ್ಲಿ ನಿಮ್ಮ ಬಾಸಿನ ಬಾಸು ಬಂದು ಕೂರುತ್ತಾರೆ. ‘ಹಾಯ್ ಆಲ್’, ‘ಹಾಯ್ ಟೀಮ್’, ‘ಹಲೋ ಎವ್ರಿವನ್’ ಯಾವುದಾದರೂ ಸಾಕು. ಇಬ್ಬರೋ ಮೂವರೋ ಇದ್ದರೆ ಹೆಸರೇ ಬರೆಯಿರಿ, ಅದು ಎಲ್ಲಕ್ಕಿಂತ ಚೆನ್ನ. ‘ಹಾಯ್ ಫೋಕ್ಸ್’ ಕೂಡ ಈಗ ಬಹಳ ಚಾಲ್ತಿಯಲ್ಲಿದೆ. ಇಂಗ್ಲಿಷಿನಲ್ಲಿ ಬರೆಯುವಾಗ ‘ಗೈಸ್’ ಅನ್ನುವುದಕ್ಕೆ ಎಸ್ ಮುಂಚೆ ಮೇಲೆ ಕೊಂಬು, ಅಂದರೆ ಅಪಾಸ್ಟ್ರಫಿ ಚಿಹ್ನೆ, ಹಾಕಬೇಡಿ. ಹಾಕಿದರೆ ‘ಗೈನ’ ಅಂತಾಗುತ್ತದೆ, ‘ಗೈಗಳು’ ಅಂತಲ್ಲ. ಉಚ್ಚಾರ ‘ಗಾಯ್’ ಹತ್ತಿರ ಇರಲಿ, ‘ಗೇ’ ಅಂತ ಎಳೆದರೆ ಬೇರೆಯೇ ಪದ ಆಗಿಬಿಡುತ್ತದೆ.

ಇನ್ನೊಂದು ಎಚ್ಚರಿಕೆ. ಗೈ ಅನ್ನುವುದು ಇಂದಿಗೂ ಗಂಡಸರ ಹೆಸರು. ಜಿಂಬಾಬ್ವೆ ಕ್ರಿಕೆಟ್ ತಂಡದ ಗೈ ವಿಟ್ಟಾಲ್ ಹಳೇ ಕ್ರಿಕೆಟ್ ಹುಚ್ಚಿನವರಿಗೆ ನೆನಪಿರಬಹುದು. ಫ್ರಾನ್ಸಿನಲ್ಲೂ ಕೆನಡಾದ ಕ್ಯುಬೆಕ್‌ನಲ್ಲೂ ಇದೇ ಜಿ-ಯು-ವೈ ಮೂರು ಅಕ್ಷರದ ಹೆಸರಿದೆ, ಆದರೆ ಫ್ರೆಂಚಿನಲ್ಲಿ ಅದನ್ನು ‘ಗೀ’ ಅನ್ನುತ್ತಾರೆ. ಮುಂದೆ ಮಾಂಟ್ರಿಯಲ್‌ನ ಕ್ಲೈಂಟ್ ಯಾರಾದರೂ ಆ ಹೆಸರಿನವರು ಸಿಕ್ಕರೆ, ಮೇಲ್‌ನಲ್ಲಿ ‘ಹಾಯ್ ಗೈ’ ಅಂತ ಕಾಣುವ ಹಾಗೇ ಬರೆಯಬೇಕು, ಕಾಲ್‌ನಲ್ಲಿ ‘ಗೀ’ ಅನ್ನಬೇಕು. ಅವರ ಬಗ್ಗೆ ಮಾತ್ರ ‘ದಟ್ ಗೈ’ ಅಂದರೂ ನಿಮ್ಮ ಸೀನಿಯರ್ ಏನೂ ಅನ್ನುವ ಹಾಗಿಲ್ಲ.